ಕದಿಯದ ಕಡಲೆಕಾಯಿಯನ್ನು ಮರಳಿಸಿದ ವಿಷಯ

ಪೂಜ್ಯ ಫಾದರ್ ಇನ್ನಾಸಪ್ಪನವರ ಸನ್ನಿಧಿಗೆ,

ಮಾನ್ಯರೇ,

ಮೊಟ್ಟಮೊದಲು, ಈ ಪತ್ರ ಬರೆಯುತ್ತಿರುವುದಕ್ಕೇ ಕ್ಷಮೆ ಕೋರುತ್ತೇನೆ. ಇದರ ಒಂದು ಪ್ರತಿಯನ್ನು ಗುಬ್ಬಲಹಟ್ಟಿ ಚರ್ಚಿನ ಬಾಗಿಲಿಗೆ ಅಂಟಿಸಿ, ಇನ್ನೊಂದನ್ನು ಅಮರಾಪುರದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ತಮಗೆ ಕಳಿಸುತ್ತಿರುವುದಕ್ಕೆ ಎರಡನೆಯ ಕ್ಷಮೆ. ಬರೆಯದೇ ಇರಲು ನಾನು ಸೋಮವಾರದಿಂದ ಪ್ರಾಮಾಣಿಕವಾಗಿ ಪ್ರಯತ್ನಿಸಿದೆ. ವಾಟ್ಸಾಪಿನಲ್ಲಿ ವಿಷಯ ವಿವರಿಸಿ ಮೆಸೇಜು ಹಾಕಿದೆ. ತಾವು ಪ್ರತಿಸಲವೂ ಕೈ ಮುಗಿದ ಒಂದು ಪುಟ್ಟ ಚಿತ್ರವನ್ನು ಕಳಿಸಿದಿರಿ. ಅದು ಆಶೀರ್ವಾದವೋ, ಒಪ್ಪಿಗೆಯೋ, ಬೀಳ್ಕೊಡುಗೆಯೋ ತಿಳಿಯದೆ ನನ್ನ ಅತ್ತೆಗೆ ತೋರಿಸಿದರೆ ಅವರು, "ಫಾದರ್ರೇ ನಿಂಗೆ ಕೈ ಮುಗ್ದವ್ರೆ ಅಂದ್ಮೇಲೆ ಇನ್ನೇನೈತಮ್ಮಿ, ಬಿಟ್ಬಿಡು ಅವ್ರನ್ನ" ಎಂದರು. ಬಿಡಬಹುದಿತ್ತು. ಆದರೆ ಬರುವ ಭಾನುವಾರ ಪ್ರಥಮ ಪರಮಪ್ರಸಾದ ಸ್ವೀಕರಿಸಬೇಕಾದ ಒಂಬತ್ತು ಮಕ್ಕಳಲ್ಲಿ ಜೋಜಮ್ಮ ಎಂಬ ಎಂಟು ವರ್ಷದ ಹುಡುಗಿ ತಾನು ಬರುವುದಿಲ್ಲವೆಂದು ಬಿಳಿ ಫ್ರಾಕನ್ನು ಮೊಳೆಗೆ ತಗುಲಿಹಾಕಿ ಕುಳಿತಿದ್ದಾಳೆ. ಅದಕ್ಕೆ ಕಾರಣರು ತಾವು ಮತ್ತು ನಾನು. ಗೌರವದ ದೃಷ್ಟಿಯಿಂದ ತಮ್ಮ ಹೆಸರನ್ನು ಮೊದಲು ಬರೆದಿದ್ದೇನೆ.

ನಾನು ಯಾರೆಂದು ತಮಗೆ ನೆನಪಿರಬಹುದು. ರಾಯದುರ್ಗದವಳು, ಆರನೇ ಕ್ಲಾಸಿನಿಂದ ಸಿಸ್ಟರುಗಳ ಹಾಸ್ಟೆಲಿನಲ್ಲಿ ಇಂಗ್ಲಿಷಿನಲ್ಲಿ ಪ್ರಾರ್ಥಿಸಿ, ತೆಲುಗಿನಲ್ಲಿ ಜಗಳವಾಡಿ, ಕನ್ನಡದಲ್ಲಿ ಅತ್ತು ಬೆಳೆದವಳು, ಈಗ ಡಿಗ್ರಿ ಮೊದಲ ವರ್ಷ. ಬೇಸಿಗೆ ರಜೆಗೆ ಮಡಕಶಿರದ ಕಡೆ ಇರುವ ಅತ್ತೆಯ ಊರಿಗೆ ಬಂದಾಗ ನನ್ನ ಮುಂದಿದ್ದ ಯೋಜನೆ ಮಾವಿನಹಣ್ಣು ಮತ್ತು ನಿದ್ದೆ ಮಾತ್ರ. ತಿಂಗಳಿಗೊಮ್ಮೆ ಬರುವ ತಾವು ಪೂಜೆ ಮುಗಿಸಿ, ಬೈಕಿಗೆ ಕಿಕ್ ಹೊಡೆಯುತ್ತಾ, ನಮ್ಮ ರಾಯದುರ್ಗದ ಕಡೆಯ ಮಾತಿನಲ್ಲೇ, "ಹಾಸ್ಟೆಲಿನ್ಯಾಗ ಬೆಳದಾಕಿ ನೀನು, ನಿನಗ ಬರಲಾರದ್ದು ಏನೈತಿ? ಈ ಹುಡುಗರಿಗೆ ಧರ್ಮೋಪದೇಶ ಹೇಳಿ ತಯಾರ ಮಾಡವಾ" ಎಂದಿರಿ. ನನಗೆ ಬರಲಾರದ್ದು ಏನೇನಿದೆ ಎಂದು ನಾನು ಹೇಳತೊಡಗುವಷ್ಟರಲ್ಲಿ ತಮ್ಮ ಬೈಕು ಕೆರೆ ಏರಿ ದಾಟಿತ್ತು. 

ಪ್ರಾರ್ಥನೆಗಳನ್ನು ಮಕ್ಕಳು ಎರಡೇ ದಿನದಲ್ಲಿ ಕಲಿತರು. ತೊಂದರೆ ಬಂದದ್ದು ಪಾಪದಲ್ಲಿ. ಪರಮಪ್ರಸಾದಕ್ಕೆ ಮುಂಚೆ ಮೊದಲ ಪಾಪನಿವೇದನೆ ಆಗಬೇಕು, ಪಾಪನಿವೇದನೆಗೆ ಮುಂಚೆ ಪಾಪ ಸಿಗಬೇಕು. ಆದ್ದರಿಂದ, "ನಾಳೆ ಬರುವಾಗ ನಿಮ್ಮ ನಿಮ್ಮ ಪಾಪಗಳನ್ನು ಹುಡುಕಿಕೊಂಡು ಬನ್ನಿ" ಎಂದು ಹೋಂವರ್ಕ್ ಕೊಟ್ಟೆ. ಮರುದಿನ ಒಂಬತ್ತೂ ಜನ ಬರಿಗೈಯಲ್ಲಿ ಬಂದರು. ಶೌರಿ ಎಂಬ ಹುಡುಗ, "ಹಟ್ಟಿ ಎಲ್ಲಾ ಹುಡುಕ್ದೆ ಕಣಕ್ಕಾ, ಒಂದೂ ಸಿಗ್ನಿಲ್ಲ" ಎಂದು ಕಣ್ಣಲ್ಲಿ ನೀರು ತಂದುಕೊಂಡ. ಜೋಜಮ್ಮ ಸ್ವಲ್ಪ ಯೋಚಿಸಿ, "ನಮ್ಮಜ್ಜಿ ತಾವ ಬೋ ಅವೆ ಅಕ್ಕಾ, ಅವಳವೇ ಒಂದೆರಡು ತರ್ಲಾ?" ಎಂದು ಸಹಾಯಕ್ಕೆ ಬಂದಳು. ಸರ್ಕಾರದವರು ಮಳೆ ಬಾರದ ಮಂಡಲಗಳನ್ನು ಬರಪೀಡಿತವೆಂದು ಘೋಷಿಸುವಂತೆ ಗುಬ್ಬಲಹಟ್ಟಿಯನ್ನು ಪಾಪದ ಅಭಾವವುಳ್ಳ ಗ್ರಾಮವೆಂದು ತಾವು ಆಗಲೇ ಘೋಷಿಸಿಬಿಟ್ಟಿದ್ದರೆ ಈ ಪತ್ರಕ್ಕೆ ಅವಕಾಶವೇ ಇರುತ್ತಿರಲಿಲ್ಲ.

ಹಾಗಾಗಿ ಒಂದು ಉದಾಹರಣೆ ಕೊಡಲು ಹೋದೆ. ಹಾಸ್ಟೆಲಿನಿಂದ ತಂದಿದ್ದ ಇಂಗ್ಲಿಷ್ ಪುಸ್ತಕದಲ್ಲಿ ಒಬ್ಬ ಬೆಳ್ಳನೆಯ ಹುಡುಗ ಗಾಜಿನ ಭರಣಿಯಿಂದ ಅಮ್ಮನನ್ನು ಕೇಳದೆ ಬಿಸ್ಕತ್ತು ತೆಗೆಯುತ್ತಾನೆ. ಇಲ್ಲಿ ಗಾಜಿನ ಭರಣಿ ಯಾರ ಮನೆಯಲ್ಲೂ ಇಲ್ಲ; ಇದ್ದ ಬಿಸ್ಕತ್ತು ಚಹಾ ಕುದಿಯುವುದರೊಳಗೆ ಖಾಲಿಯಾಗುತ್ತದೆ. ಪಾಠವನ್ನು ಮಕ್ಕಳ ಬದುಕಿಗೆ ಹತ್ತಿರ ತರಬೇಕೆಂದು ಸಿಸ್ಟರುಗಳು ಹೇಳುತ್ತಿದ್ದರಲ್ಲ, ಅದನ್ನು ನೆನೆದು ಕಪ್ಪುಹಲಗೆಯ ಮೇಲೆ, "ನಾನು ಪಕ್ಕದ ಹೊಲದ ಕಡಲೆಕಾಯಿಯನ್ನು, ಯಾರನ್ನೂ ಕೇಳದೆ, ತೆಗೆದುಕೊಂಡೆ" ಎಂದು ದುಂಡಗೆ ಬರೆದೆ. ಮೇಲೆ "ಉದಾಹರಣೆ" ಎಂದೂ ಬರೆದು ಅಡಿಗೆರೆ ಎಳೆದಿದ್ದೆ, ದೇವರಾಣೆ ಎಳೆದಿದ್ದೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿದರು. ಪರೀಕ್ಷೆಯಲ್ಲಿ ಉದಾಹರಣೆಯೇ ಬರುವುದೆಂದು ಹಾಸ್ಟೆಲಿನಲ್ಲಿ ನಾವೂ ನಂಬಿದ್ದೆವು.

ಕಳೆದ ಭಾನುವಾರ ತಾವು ಈ ಪಾಪನಿವೇದನೆಗೆಂದೇ ವಿಶೇಷವಾಗಿ ಬಂದು, ಕಿಟಕಿಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಅತ್ತೆಯ ಮನೆಯ ಟವೆಲ್ಲನ್ನು ಪರದೆ ಮಾಡಿಕೊಂಡು ಕುಳಿತಿರಿ. ನಾನು ಹೊರಗೆ ಮಕ್ಕಳ ಸಾಲು ನೋಡಿಕೊಳ್ಳುತ್ತಿದ್ದೆ. ಒಬ್ಬೊಬ್ಬರೂ ಒಳಗೆ ಹೋಗಿ ಸೀನುವಷ್ಟು ಹೊತ್ತಿನಲ್ಲಿ ಹೊರಗೆ ಬರುವುದನ್ನು ಕಂಡು, ಎಷ್ಟು ಚೆನ್ನಾಗಿ ತಯಾರು ಮಾಡಿದ್ದೇನೆ ಎಂದು ಹೆಮ್ಮೆಪಟ್ಟೆ. ಒಳಗೆ ಕೇಳಿದ್ದನ್ನು ತಾವು ಯಾರಿಗೂ ಹೇಳುವಂತಿಲ್ಲ, ಅದು ನನಗೆ ಗೊತ್ತು, ನಾನು ಕೇಳುವುದೂ ಇಲ್ಲ. ಆದರೆ ಬೀಗ ಇರುವುದು ಕೇಳಿಸಿಕೊಂಡವರ ಬಾಯಿಗೆ, ಹೇಳಿದವರ ಬಾಯಿಗಿಲ್ಲ. ಒಂಬತ್ತು ಜನವೂ ಬೇವಿನ ಮರದ ಕೆಳಗೆ ಸೇರಿ ಪ್ರಶ್ನೆಪತ್ರಿಕೆ ಮುಗಿಸಿದವರಂತೆ ತಾಳೆ ನೋಡಿಕೊಂಡರು. "ನೀನೇನಂದೆ?" "ಕಡ್ಲೇಕಾಯಿ. ನೀನು?" "ನಾನೂವೆ!" ಎಲ್ಲರ ಉತ್ತರವೂ ಒಂದೇ ಆದ್ದರಿಂದ ಎಲ್ಲರೂ ಪಾಸು ಎಂದು ಶೌರಿ ಕುಣಿದ.

ಮಾನ್ಯರೇ, ತಮ್ಮ ತಾಳ್ಮೆಯನ್ನು ಎಷ್ಟು ಹೊಗಳಿದರೂ ಕಡಿಮೆ. ಅದೇ ಮಾತು, ಅದೇ ಅಲ್ಪವಿರಾಮಗಳ ಸಮೇತ ಒಂಬತ್ತು ಬಾರಿ ಬಂದರೂ ತಾವು ಒಮ್ಮೆಯೂ ಸಂದೇಹಪಡಲಿಲ್ಲ. ಗುಬ್ಬಲಹಟ್ಟಿಯಲ್ಲಿ ಹಾಲುಹಲ್ಲಿನ ಕಳ್ಳರ ಗುಂಪೊಂದಿದೆಯೆಂದು ನಂಬುವ ಹೃದಯವೈಶಾಲ್ಯ ತೋರಿದಿರಿ. ತಾವು ಕುಳಿತಿದ್ದ ಕುರ್ಚಿಯಿಂದ ಕೈಯಳತೆಯಲ್ಲಿ ಕಿಟಕಿ ಇತ್ತು, ಕಿಟಕಿಯಾಚೆ ಆ ಪಕ್ಕದ ಹೊಲವೇ ಇತ್ತು, ಮೇ ತಿಂಗಳ ಬಿಸಿಲಿಗೆ ಅದು ಬೋಳು ತಲೆಯಂತೆ ಹೊಳೆಯುತ್ತಿತ್ತು. ಅಲ್ಲಿ ಕದಿಯಲು ಮಣ್ಣುಹೆಂಟೆ ಬಿಟ್ಟು ಬೇರೇನೂ ಇರಲಿಲ್ಲ. ಆದರೂ ತಾವು ಪ್ರತಿ ಮಗುವಿಗೂ ಮೂರು ನಮೋ ಮರಿಯಾ ಪ್ರಾರ್ಥನೆಯ ಜೊತೆಗೆ, "ತಗೊಂಡಿದ್ದನ್ನ ಯಾರಿಗೂ ಗೊತ್ತಾಗದಂಗ ಅವರ ಮನಿಗೆ ಮುಟ್ಟಿಸಿಬಿಡು" ಎಂದು ಪ್ರಾಯಶ್ಚಿತ್ತ ವಿಧಿಸಿದಿರಿ.

ಮುಟ್ಟಿಸಿದರು. ತಾವು ಕಲಿಸಿದ್ದಕ್ಕಿಂತ ಹೆಚ್ಚು ಶ್ರದ್ಧೆಯಿಂದ ಮುಟ್ಟಿಸಿದರು. ಆ ಹೊಲ ಚನ್ನಬಸವಯ್ಯನವರದು. ಹಣೆತುಂಬ ವಿಭೂತಿ, ಬಾಯಿತುಂಬ ಎಲೆಅಡಿಕೆ, ಇಡೀ ಜನ್ಮದಲ್ಲಿ ನಮ್ಮ ಚರ್ಚಿಗೆ ತೊಂದರೆ ಕೊಡದ ಮನುಷ್ಯ. ಸೋಮವಾರ ಮಧ್ಯಾಹ್ನ ಅವರು ಜಗಲಿಯ ಮೇಲೆ ಮಲಗಿದ್ದಾಗ ಒಂಬತ್ತು ಮಕ್ಕಳೂ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಒಂದೊಂದು ಬೊಗಸೆ ಕಡಲೆಕಾಯಿಯನ್ನು ಯಾರಿಗೂ ಗೊತ್ತಾಗದಂಥ ಜಾಗಗಳಲ್ಲಿ ಇಟ್ಟು ಬಂದರು. ಯಜಮಾನರು ಎದ್ದು ಚಪ್ಪಲಿಗೆ ಕಾಲು ತೂರಿಸಿದವರೇ, "ಯಾವ ನನ್ಮಗ್ನೇ ಅವ್ನು, ಕೆರದೊಳಗೆ ಕಡ್ಲೇಕಾಯಿ ಬಿತ್ತೌನೆ!" ಎಂದು ಕೂಗಿದ್ದು ಚರ್ಚಿನವರೆಗೆ ಕೇಳಿಸಿತು. ಯಾರೋ ಮಾಟ ಮಾಡಿಸಿದ್ದಾರೆಂದು ಅವರು, ಮಾಟದವರು ನಿಂಬೆಹಣ್ಣು ಇಡುತ್ತಾರೆಯೇ ಹೊರತು ಕಡಲೆಕಾಯಿ ಯಾಕೆ ದಂಡ ಮಾಡುತ್ತಾರೆಂದು ಅವರ ಹೆಂಡತಿ ಸರ್ವಮಂಗಳಮ್ಮ. "ಬಂದಿದ್ ಬಂತು, ಒಂದು ಚಟ್ನಿ ಅರೀಲಾ?" ಎಂದು ಆಕೆ ಕೇಳಿದ್ದಕ್ಕೆ, "ಕಂಡೋರ ಕಾಳು ನಮ್ಮ ಒಳ್ಕಲ್ಲಿಗೆ ಬೀಳಕೂಡ್ದು" ಎಂದು ಗದರಿದರಂತೆ.

ಮಂಗಳವಾರ ರಾಶಿ ಇನ್ನೂ ದೊಡ್ಡದಾಯಿತು. ಕದ್ದಿಲ್ಲದ ವಸ್ತುವಿನ ಪ್ರಮಾಣವೆಷ್ಟೆಂದು ಯಾರಿಗೂ ಗೊತ್ತಿರಲಿಲ್ಲವಲ್ಲ, ಭಯಭಕ್ತಿಯುಳ್ಳವರು ಹೆಚ್ಚೇ ಕೊಟ್ಟರು. ಶೌರಿಯಂತೂ ತಾನು ಕದ್ದದ್ದು ಎಲ್ಲರಿಗಿಂತ ಜಾಸ್ತಿ ಎಂದು ಬೀಗುತ್ತಾ ಒಂದು ಸೇರನ್ನೇ ತಂದ. ಬುಧವಾರ ಬೆಳಿಗ್ಗೆ ಚನ್ನಬಸವಯ್ಯನವರು ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ, ಚರ್ಚಿನ ಮೆಟ್ಟಿಲ ಮೇಲಿಟ್ಟು, ಅಲ್ಲಿ ಕಸ ಗುಡಿಸುತ್ತಿದ್ದ ನನಗೆ, "ನೋಡಮ್ಮ, ನಮ್ಮ ಗುಡೀಲಿ ಇಟ್ರೆ ಪೂಜಾರಿ ಯಾರ್ದು ಏನು ಅಂತ ತಲೆ ತಿಂತಾನೆ. ನಿಮ್ಮ ಫಾದರು ತಿಂಗ್ಳಿಗೊಂದು ಸಲ ಬರೋರು, ಕೇಳೋ ಹೊತ್ಗೆ ಮರ್ತಿರ್ತಾರೆ" ಎಂದು ತಮ್ಮ ಬಗ್ಗೆ ಬಹಳ ಗೌರವದಿಂದಲೇ ಹೇಳಿ ಹೋದರು. ಮಧ್ಯಾಹ್ನ ಮಕ್ಕಳು ಬಂದು ಚೀಲ ನೋಡಿದರು. "ಅಕ್ಕಾ, ಪಾಪ ವಾಪಸ್ ಬಂದೈತೆ!" ಎಂದು ಶೌರಿ ಚೀರಿದ. ನಾನು ಇಂಗ್ಲಿಷಿನಲ್ಲಿ ಬೇಡ ಬೇಡ ಎನ್ನುವಷ್ಟರಲ್ಲಿ (ಗಾಬರಿಯಾದಾಗ ನನಗೆ ಇಂಗ್ಲಿಷ್ ಬರುತ್ತದೆ, ಪರೀಕ್ಷೆಯಲ್ಲಿ ಬರುವುದಿಲ್ಲ) ಇರುವೆಗಳು ಸತ್ತ ಜಿರಲೆಯನ್ನು ಹೊರುವಂತೆ ಒಂಬತ್ತು ಜನ ಸೇರಿ ಚೀಲ ಹೊತ್ತುಕೊಂಡು ಹೋದರು. ಸಂಜೆ ಅದು ಮತ್ತೆ ಮೆಟ್ಟಿಲ ಮೇಲಿತ್ತು. ಈಗ ಚನ್ನಬಸವಯ್ಯನವರು ಮಧ್ಯಾಹ್ನದ ನಿದ್ದೆ ಬಿಟ್ಟು ಕೋಲು ಹಿಡಿದು ಜಗಲಿ ಕಾಯುತ್ತಿದ್ದಾರೆ. ಕಳ್ಳರು ಕದಿಯದಂತೆ ಕಾಯುವವರನ್ನು ಕಂಡಿದ್ದೆ. ಕೊಡದಂತೆ ಕಾಯುವವರನ್ನು ತಮ್ಮ ದಯೆಯಿಂದ ಕಂಡೆ.

ನಗಬೇಡಿ, ಇನ್ನು ಮುಂದಿನದು ನಗುವಂಥದ್ದಲ್ಲ. ನಾನೂ ಬುಧವಾರ ಸಂಜೆಯವರೆಗೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಹೊಲದಲ್ಲಿಲ್ಲದ ಕಡಲೆಕಾಯಿ ಮಕ್ಕಳಿಗೆ ಎಲ್ಲಿಂದ ಬಂತೆಂದು ನನಗಾಗ ಹೊಳೆದಿರಲಿಲ್ಲ. ಅದು ಬಂದದ್ದು ಮನೆಮನೆಯ ಮೂಲೆಯಲ್ಲಿ ಮೊದಲ ಮಳೆಗೆ ಕಾದಿಟ್ಟಿರುವ ಬಿತ್ತನೆ ಬೀಜದ ಮೂಟೆಗಳಿಂದ. ಜೋಜಮ್ಮನ ಅಜ್ಜಿ ತೆರೇಜಮ್ಮ ಮೂಟೆ ಕುಗ್ಗಿದ್ದನ್ನು ಕಂಡು ಹೆಗ್ಗಣವೆಂದು ತೀರ್ಮಾನಿಸಿ, ಬೋರಪ್ಪನ ಮನೆಯ ಬೆಕ್ಕನ್ನು ತಂದು ಕಟ್ಟಿದ್ದಾರೆ. ಬೆಕ್ಕಿಗೆ ಎರಡು ಹೊತ್ತು ಹಾಲು. ಹೆಗ್ಗಣ ಸಿಗದಿದ್ದರೆ ಬೆಕ್ಕಿಗೆ ಬೈಗುಳ. ಬೆಕ್ಕು ಬೈಸಿಕೊಳ್ಳುವುದನ್ನು ಮೂಲೆಯಲ್ಲಿ ಕುಳಿತು ಕೇಳಿಸಿಕೊಂಡ ಜೋಜಮ್ಮ ಇವತ್ತು ಬೆಳಿಗ್ಗೆ, ಗುರುವಾರ, ನನ್ನ ಹತ್ತಿರ ಬಂದು, ನಾನು ಯಾವ ಪುಸ್ತಕದಲ್ಲೂ ಓದದ ಪ್ರಶ್ನೆ ಕೇಳಿದಳು:

"ಅಕ್ಕಾ, ಮೊದ್ಲು ಹೇಳಿದ್ದು ಸುಳ್ಳು ಪಾಪ. ಆಮ್ಯಾಕೆ ಮಾಡಿದ್ದು ನಿಜ್ವಾದ್ದು. ಸುಳ್ಳಿಗೆ ಕ್ಷಮೆ ಆಗೋಯ್ತು. ನಿಜಕ್ಕೆ ಯಾರು ಮಾಡ್ತಾರೆ?"

ಅದೇನೂ ಪಾಪವಲ್ಲ ಪುಟ್ಟಾ, ದೇವರಿಗೆ ಎಲ್ಲಾ ಗೊತ್ತಿರುತ್ತದೆ ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನೇನ್ ಫಾದರಾ?" ಎಂದಳು. ಅಲ್ಲ. ಮೊದಲ ವರ್ಷದ ಡಿಗ್ರಿ, ಕೆಮಿಸ್ಟ್ರಿಯಲ್ಲಿ ಒಂದು ಬ್ಯಾಕ್‌ಲಾಗ್. ಅಲ್ಲಿಗೆ ನನ್ನ ಧರ್ಮೋಪದೇಶ ಮುಗಿಯಿತು. ಕದ್ದ ಕೈಯಲ್ಲಿ ಪರಮಪ್ರಸಾದ ತೆಗೆದುಕೊಳ್ಳುವುದಿಲ್ಲ ಎಂದು ಅವಳು ಮನೆಗೆ ಹೋದಳು. ನನ್ನ ಅತ್ತೆಯ ಬಿಳಿ ಮದುವೆ ಸೀರೆಯನ್ನು ಕತ್ತರಿಸಿ ಹೊಲಿದ ಫ್ರಾಕು. ನಿನ್ನೆಯವರೆಗೆ ಅದನ್ನು ಮುಟ್ಟಲು ಕೈ ತೊಳೆದುಕೊಂಡು ಬರುತ್ತಿದ್ದಳು.

ಒಂಬತ್ತರಲ್ಲಿ ಎಂಟು ಮಕ್ಕಳಿಗೆ ಏನೂ ಅನ್ನಿಸಿಲ್ಲ. ಅವರು ಬಿಳಿ ಬಟ್ಟೆ, ಮೇಣದಬತ್ತಿ, ಚಿತ್ರಾನ್ನದ ಕನಸಿನಲ್ಲಿದ್ದಾರೆ. ನಾನು ಹೇಳಿಕೊಟ್ಟದ್ದನ್ನು ನಿಜವೆಂದು ನಂಬಿದವಳು ಒಬ್ಬಳೇ. ಅವಳೇ ಮನೆಯಲ್ಲಿ ಉಳಿಯುತ್ತಾಳೆಂದರೆ, ಉಳಿದ ಎಂಟು ಜನರನ್ನು ಸಾಲಾಗಿ ನಿಲ್ಲಿಸಿ ನಾನು ಯಾವ ಮುಖ ಹೊತ್ತು ಹಾಡಿಸಲಿ?

ಆದಕಾರಣ ತಮ್ಮಲ್ಲಿ ನನ್ನ ಬೇಡಿಕೆಗಳು ಹೀಗಿವೆ. ಇನ್ನು ಮುಂದೆ ಪಾಪ ಕೇಳುವಾಗ ಮಾಲು ಹಸಿಯದೋ ಹುರಿದದ್ದೋ, ಯಾವ ಹಂಗಾಮಿನದು ಎಂದು ವಿಚಾರಿಸುವುದು. ಪಾಪವಿಲ್ಲದ ಮಕ್ಕಳಿಗೆ ಆ ಬಗ್ಗೆ ಒಂದು ಸರ್ಟಿಫಿಕೇಟು ಕೊಡುವುದು. ಬೋರಪ್ಪನ ಬೆಕ್ಕಿನ ಮೇಲಿರುವ ಆರೋಪಗಳನ್ನು ಪೂಜೆಯ ಕೊನೆಯ ಪ್ರಕಟಣೆಯಲ್ಲಿ ಹಿಂತೆಗೆದುಕೊಳ್ಳುವುದು. ಚನ್ನಬಸವಯ್ಯನವರ ನಿದ್ದೆಯನ್ನು ಯಾರಿಗೂ ಗೊತ್ತಾಗದಂತೆ ಅವರ ಮನೆಗೆ ಮುಟ್ಟಿಸುವುದು. ಇವು ಯಾವುವೂ ಆಗದಿದ್ದರೆ ಇವೆಲ್ಲವನ್ನೂ ಬಿಟ್ಟು ಒಂದೇ ಒಂದು: ಭಾನುವಾರ ಪೂಜೆಗೆ ಅರ್ಧ ಗಂಟೆ ಮುಂಚೆ ಬನ್ನಿ. ಟವೆಲ್ಲು ಒಗೆದು ಇಟ್ಟಿದ್ದೇನೆ. ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿರುತ್ತೇನೆ. ಜೋಜಮ್ಮನಿಗೆ ಹೇಳಲು ಈ ಸಲ ಅವಳದೇ ಒಂದು ಮಾತಿದೆ. ನಾನು ಹಲಗೆಯ ಮೇಲೆ ಏನೂ ಬರೆದಿಲ್ಲ.

ಭಾನುವಾರ ಬೆಳಗಿನವರೆಗಂತೂ ತಮ್ಮ ವಿಶ್ವಾಸಿ,

ಸ್ಟೆಲ್ಲಾ ಸುಮಾ
ಗುಬ್ಬಲಹಟ್ಟಿ ಧರ್ಮೋಪದೇಶ ತರಗತಿಯ ಹಂಗಾಮಿ ಶಿಕ್ಷಕಿ

ತಾ.ಕ.: ಬಾಗಿಲಿಗೆ ಅಂಟಿಸಿದರೆ ಅಜ್ಜಿಗೆ ಗೊತ್ತಾಗುವುದಿಲ್ಲವೇ ಎಂದು ಜೋಜಮ್ಮನನ್ನು ಕೇಳಿದೆ. "ಅಂಟ್ಸು ಅಕ್ಕಾ, ಅಜ್ಜಿ ಕನ್ನಡ್ಕ ಮುರ್ದೈತೆ, ಭಾನ್ವಾರ ಫಾದರ್ಗೆ ಹೇಳಿ ಆದ್ಮ್ಯಾಕೆ ನಾನೇ ಹೇಳ್ತೀನಿ" ಎಂದಿದ್ದಾಳೆ. ತೆರೇಜಮ್ಮನವರಿಗೆ ಈಗ ಪತ್ರ ಓದಲು ಪುರುಸೊತ್ತೂ ಇಲ್ಲ. ಮೆಟ್ಟಿಲ ಮೇಲಿದ್ದ ಚೀಲವನ್ನು ಯಾರೋ ಭಕ್ತರ ಕಾಣಿಕೆಯೆಂದು ತಿಳಿದು, ಇವತ್ತು ಮಧ್ಯಾಹ್ನ ಹಟ್ಟಿಯ ಹೆಂಗಸರನ್ನು ಸೇರಿಸಿ, ಅರ್ಧವನ್ನು ಹುರಿದು ಬೆಲ್ಲ ಹಾಕಿ ಭಾನುವಾರಕ್ಕೆ ಉಂಡೆ ಕಟ್ಟಿಸಿದ್ದಾರೆ. ಉಳಿದರ್ಧವನ್ನು ನಾನು ಚೀಲ ಸಮೇತ ನನ್ನ ಮಂಚದ ಕೆಳಗೆ ತಳ್ಳಿಕೊಂಡಿದ್ದೇನೆ, ಬೀಜಕ್ಕೆ ಬೇಕಲ್ಲ. ಉಂಡೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ತಮಗೆಂದು ಎತ್ತಿಟ್ಟಾಗಿದೆ. ಅದನ್ನು ತಿಂದವರಿಗೆ ಎಷ್ಟು ನಮೋ ಮರಿಯಾ ಎಂದು ಶೌರಿ ಕೇಳುತ್ತಿದ್ದಾನೆ. ಫಾದರನ್ನೇ ಕೇಳು ಎಂದಿದ್ದೇನೆ. ಕೈ ಮುಗಿದ ಚಿತ್ರ ಬೇಡ ಫಾದರ್. ಬರುತ್ತೀರೋ ಇಲ್ಲವೋ, ಜೋಜಮ್ಮನಿಗೆ ಓದಿ ಹೇಳಲು ಒಂದು ಸಾಲು ಸಾಕು. ಬೇಗ ಉತ್ತರಿಸಿ.