ಅತ್ತೆ ನಡಿಗೆಯ ಸಿಗ್ನಲ್

ಮೈಸೂರಿನ ಅರ್ಧ ಊರನ್ನು ನಿಲ್ಲಿಸಿ ಉಳಿದರ್ಧವನ್ನು ಓಡಿಸುತ್ತಿದ್ದವರು ನನ್ನ ಸೋದರಮಾವ ಎಂದರೆ ನೀವು ನಂಬುವುದಿಲ್ಲ. ತೊಂಬತ್ತರ ದಶಕದಲ್ಲಿ ಅವರು ಟ್ರಾಫಿಕ್ ಸಿಗ್ನಲ್ ನೋಡಿಕೊಳ್ಳುವ ಟೆಕ್ನಿಷಿಯನ್. ಅಧಿಕಾರವೇನೋ ಭಾರಿ, ಆದರೆ ಏಣಿ ಇರಲಿಲ್ಲ! ಅರ್ಜಿ ಹಾಕಿ ಹಾಕಿ ಸಾಕಾಗಿ, ಮನೆಯ ಅಟ್ಟದ ಏಣಿಯನ್ನೇ ಸೈಕಲ್ಲಿಗೆ ಕಟ್ಟಿಕೊಂಡು ಹೊರಡುತ್ತಿದ್ದರು. ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿ ಬೇಕೆಂದರೆ, ಇವತ್ತು ಯಾವ ಸರ್ಕಲ್ಲಿನಲ್ಲಿ ಬಲ್ಬು ಹೋಗಿದೆ ಎಂದು ಅತ್ತೆ ವಿಚಾರಿಸಬೇಕಿತ್ತು.

ಬಿಸಿಲು, ಹೊಗೆ, ಕಿವಿಯ ಪಕ್ಕದಲ್ಲೇ ಬಸ್ಸಿನ ಹಾರನ್ನು. ಇವುಗಳ ಮಧ್ಯೆ ಏಣಿಯ ತುದಿಯಲ್ಲಿ ಮಾವ. ಕೆಳಗಿನಿಂದ ಸಲಹೆ ಕೊಡುವವರಿಗೇನು ಕಡಿಮೆಯೆ?

"ಬೇಗ ಹಸಿರು ಹಾಕ್ಬುಡಿ ಸ್ವಾಮಿ, ಇಲವಾಲಕ್ಕೆ ಹೋಗ್ಬೇಕು" ಎಂದನಂತೆ ಟೆಂಪೋದವನೊಬ್ಬ.

"ಇಲವಾಲ ಎಲ್ಲೂ ಓಡೋಗಲ್ಲ ಕಣಪ್ಪ, ನಿಂತ್ಕೊ" ಎಂದು ಸರ್ಕಲ್ಲಿಗೆಲ್ಲ ಕೇಳುವಂತೆ ಕೂಗಿದರಂತೆ ಮಾವ.

ಮನೆಗೆ ಬಂದರೂ ಅದೇ ಗಂಟಲು. ಊಟಕ್ಕೆ ಕೂತು "ಉಪ್ಪು" ಎಂದರೆ ಪಕ್ಕದ ಮನೆಯವರು ತಂದುಕೊಡುತ್ತಿದ್ದರು.

ಅವರ ನಿಜವಾದ ಹುಚ್ಚು ಗೊತ್ತಾದದ್ದು ಲಕ್ಷ್ಮೀಪುರಂ ಹತ್ತಿರ ಹೊಸ ಸಿಗ್ನಲ್ ಬಂದಾಗ. ಜನ ರಸ್ತೆ ದಾಟಲು ಹತ್ತು ಸೆಕೆಂಡು ಸಾಕೆಂದಿತು ಆಫೀಸು. ಮಾವ ಒಪ್ಪಲಿಲ್ಲ. ಒಂದು ಭಾನುವಾರ ಅತ್ತೆಯ ಕೈಗೆ ತುಂಬಿದ ತರಕಾರಿ ಚೀಲ ಕೊಟ್ಟು, ತಾವು ಗಡಿಯಾರ ಹಿಡಿದು, "ನಡಿ" ಎಂದರು. ಅತ್ತೆ ತುಂಬು ಬಸುರಿಯಂತೆ ಮೆಲ್ಲಗೆ ನಡೆದರು. ಇಪ್ಪತ್ತೆರಡು ಸೆಕೆಂಡು! ಮಾವ ಏಣಿ ಹತ್ತಿ, ಕಂಬದ ಮೇಲಿನ ಪೆಟ್ಟಿಗೆಯಲ್ಲಿ ಇಪ್ಪತ್ತೆರಡನ್ನೇ ಇಟ್ಟರು.

ಬಸ್ಸಿನವರು ದೂರು ಕೊಟ್ಟರು. ಸಾಹೇಬರು ಕರೆಸಿ, "ಹತ್ತು ಮಾಡಿ, ಇಲ್ದಿದ್ರೆ ಉಗ್ರಾಣಕ್ಕೆ ಹಾಕ್ತೀನಿ" ಎಂದರು.

"ಒಂದ್ಸಲ ನಿಮ್ಮ ತಾಯೋರನ್ನ ಕರ್ಕೊಂಡ್ಬಂದು ದಾಟಿಸಿ ಸಾರ್. ಆಮೇಲೆ ನಾನೇ ಕಡಿಮೆ ಮಾಡ್ತೀನಿ."

ಮಾವ ಎರಡು ವರ್ಷ ಉಗ್ರಾಣದಲ್ಲಿ ಬಲ್ಬು ಒರೆಸಿದರು. ಏಣಿ ಮನೆಯ ಅಟ್ಟಕ್ಕೆ ವಾಪಸಾಯಿತು. ಹೊಸಬರು ಕಂಬ ಹತ್ತಿ ಸೆಕೆಂಡು ಕಡಿಮೆ ಮಾಡುವುದಾದರೂ ಹೇಗೆ? ಇಪ್ಪತ್ತೆರಡು ಹಾಗೇ ಉಳಿಯಿತು.

ನಿವೃತ್ತಿಯಾದ ಮೇಲೆ ಮಾವನಿಗೆ ಮಂಡಿನೋವು ಬಂತು. ಒಂದು ದಿನ ಅವರಿಬ್ಬರ ಜೊತೆ ಅದೇ ರಸ್ತೆ ದಾಟಿದೆ. ಮಾವನ ಕೋಲು ಆಚೆಯ ಫುಟ್‌ಪಾತ್ ಮುಟ್ಟುವುದಕ್ಕೂ ದೀಪ ಬದಲಾಗುವುದಕ್ಕೂ ಸರಿಹೋಯಿತು.

"ಅವತ್ತೇ ನಿನಗೆ ಇಷ್ಟು ಮಂಡಿನೋವಿತ್ತೇನೆ?" ಎಂದರು ಮಾವ.

"ನನ್ನ ಮಂಡಿಗೇನಾಗಿತ್ತು? ಮುಂದೆ ನೀವೂ ದಾಟ್ಬೇಕಲ್ಲ ಅಂತ ನಿಧಾನಕ್ಕೆ ನಡೆದೆ ಕಣ್ರೀ."

ಬೀದಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದ ಮಾವ, ಪಕ್ಕದಲ್ಲಿದ್ದ ನನಗೂ ಕೇಳಿಸದಷ್ಟು ಮೆಲ್ಲಗೆ ಅತ್ತೆಗೆ ಏನೋ ಹೇಳಿದರು.