ಡವ್‌ಟೇಲ್ ಅಳತೆಯೂ ಬಚ್ಚಲಮನೆ ಬಾಗಿಲೂ

ಮನೆಯಲ್ಲೇ ವರ್ಕ್‌ಶಾಪ್ ಇಟ್ಟುಕೊಂಡವನ ಸಂಸಾರದಲ್ಲಿ ನಗುವಿಗೆ ಬರವಿಲ್ಲ. ನಗುವವರು ಮಾತ್ರ ಯಾವಾಗಲೂ ಬೇರೆಯವರು.

ಬಳ್ಳಾರಿಯ ನಮ್ಮ ಮನೆಯ ಹಿತ್ತಲಲ್ಲಿ ತಗಡಿನ ಶೆಡ್ಡು, ಅದರೊಳಗೊಂದು ಕಬ್ಬಿಣ ಕಡೆಯುವ ಹಳೆಯ ಲೇತ್ ಮಷೀನು. ಅದರಲ್ಲಿ ಹಿಂದೆಮುಂದೆ ಸರಿಯುವ ಸ್ಲೈಡು ಸವೆದು ಹೋಗಿ ಕೆಲಸ ನಿಂತಿತ್ತು. ನನ್ನ ಹೆಂಡತಿ ಮನೆಯಲ್ಲೇ ಜೀನ್ಸ್ ಹೊಲಿಯುತ್ತಾಳೆ. "ಯುಗಾದಿಯೊಳಗ ಇದು ತಿರುಗಲಿಲ್ಲಂದ್ರ ಗುಜರಿಗೆ ಹಾಕಿ, ಇಲ್ಲಿ ನನ್ನ ಹೊಲಿಗಿ ಮಷೀನು ಇಡ್ತೀನಿ" ಎಂದು ಗಡುವು ಕೊಟ್ಟಳು. ಲೇತ್ ಮೇಲೆ ನನಗೆ ಜೀವ.

ಒಂದು: ಜೋಡಿ ಪಿನ್ನು

ಹೊಸ ಸ್ಲೈಡು ಮಾಡಿಸಲು ಹಳೆಯದರ ಅಳತೆ ಬೇಕು. ಸ್ಲೈಡಿನ ತಳದಲ್ಲಿ ಡವ್‌ಟೇಲ್ ಸ್ಲಾಟು, ಅಂದರೆ ಪಾರಿವಾಳದ ಬಾಲದಾಕಾರದ ತೋಡು ಇರುತ್ತದೆ. ಬಾಯಿ ಕಿರಿದು, ಒಳಗೆ ಅಗಲ. ಒಳಮೂಲೆಗೆ ವರ್ನಿಯರ್ ಅಳತೆಗೋಲು ಸರಿಯಾಗಿ ತಾಗುವುದಿಲ್ಲ. ಹಾಗಾಗಿ ಎರಡೂ ಮೂಲೆಗೆ ಒಂದೇ ದಪ್ಪದ ದುಂಡು ಪಿನ್ನು ಮಲಗಿಸಿ, ಅವುಗಳ ನಡುವಿನ ಅಂತರ ಅಳೆಯಬೇಕು. ಮನೆಯೆಲ್ಲ ಹುಡುಕಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಜೋಡಿ ಸಿಕ್ಕಿದ್ದು ಬಚ್ಚಲಮನೆ ಬಾಗಿಲಿನ ಕೀಲುಗಳಲ್ಲಿ. ಪಿನ್ನು ಕಿತ್ತುಕೊಂಡು, ಬಾಗಿಲನ್ನು ಹಾಗೇ ಚೌಕಟ್ಟಿಗೆ ಆನಿಸಿಟ್ಟು ಬಂದೆ.

ಅವತ್ತೇ ಕುರುಗೋಡಿನಿಂದ ಹೆಂಡತಿಯ ಸೋದರಮಾವ ಬಂದರು. ಬಿಸಿಲಲ್ಲಿ ಬಂದವರು, ಕೈಕಾಲು ತೊಳೆಯಲು ನೆಟ್ಟಗೆ ಬಚ್ಚಲಿಗೆ ನಡೆದರು. ಸ್ವಲ್ಪ ಹೊತ್ತಿಗೆ ಶೆಡ್ಡಿನ ಮುಂದೆ ನಿಂತಿದ್ದರು, ಬಾಗಿಲನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು.

"ಅಳಿಯಂದ್ರ," ಎಂದರು ಬಹಳ ಮರ್ಯಾದೆಯಿಂದ, "ಇದನ್ನ ಎಲ್ಲಿ ಇಡ್ಲಿ?"

ಎರಡು: ಕಬ್ಬಿಣಕ್ಕೆ ಸೆಕೆ

ಬೆಳಿಗ್ಗೆ ಬಂದ ಅಳತೆ ಮಧ್ಯಾಹ್ನ ಬರಲಿಲ್ಲ. ತಗಡಿನ ಕೆಳಗೆ ಕಾದ ಕಬ್ಬಿಣ ಹಿಗ್ಗುತ್ತದೆ, ಬಳ್ಳಾರಿಯ ಬಿಸಿಲಲ್ಲಿ ಕೇಳುವುದೇ ಬೇಡ. ಸ್ಲೈಡನ್ನು ಮನೆಯೊಳಗೆ ಹೊತ್ತು ತಂದು, ಟವೆಲ್ ಹಾಸಿ, ಏರ್ ಕೂಲರ್ ಮುಂದೆ ಕೂರಿಸಿದೆ. ಪಕ್ಕದಲ್ಲೇ ವರ್ನಿಯರನ್ನೂ ಮಲಗಿಸಿದೆ. ಗಾಳಿಗೆ ಅಡ್ಡ ಬರಬೇಡಿ ಎಂದು ಎಲ್ಲರಿಗೂ ಹೇಳಿದೆ.

ನೂಲು ಕೇಳಲು ಬಂದ ಪಕ್ಕದ ಮನೆಯ ಹಿರಿಯಾಕೆ, ಓಣಿಗೆಲ್ಲ ಚಿಕ್ಕಮ್ಮನಂತಿರುವ ಖಾಲಾ, ಒಮ್ಮೆ ಕೂಲರ್ ನೋಡಿದರು, ಒಮ್ಮೆ ಮೂಲೆಯಲ್ಲಿ ಬೆವರೊರೆಸಿಕೊಳ್ಳುತ್ತ ಹೊಲಿಯುತ್ತಿದ್ದ ನನ್ನ ಹೆಂಡತಿಯನ್ನು ನೋಡಿದರು.

"ನಿಮ್ಮ ಮನಿಯಾಗ ಬದುಕಬೇಕಂದ್ರ ಕಬ್ಬಿಣ ಆಗೇ ಹುಟ್ಟಬೇಕು ನೋಡವ್ವಾ" ಎಂದು ನೂಲು ತೆಗೆದುಕೊಂಡು ಹೋದರು.

ಮೂರು: ಸಿರುಗುಪ್ಪದ ಭಾಯ್

ಸ್ಲಾಟು ಕೊರೆಯುವ ಮಿಲ್ಲಿಂಗ್ ಮಷೀನು ನನ್ನಲ್ಲಿಲ್ಲ. ಅದಿರುವುದು ಸಿರುಗುಪ್ಪದ ನನ್ನ ಗೆಳೆಯ ಭಾಯ್ ಹತ್ತಿರ. ಅವನೂ ನನ್ನಂಥವನೇ, ಅಳತೆಯ ಹುಚ್ಚ. ಪಿನ್ನುಗಳ ನಡುವಿನ ಅಂತರವನ್ನು ಫೋನಿನಲ್ಲಿ ಹೇಳಿದೆ. ಅವನು ಹೊಸ ಸ್ಲೈಡು ಕೊರೆದು ಬಸ್ಸಿಗೆ ಹಾಕಿದ. ಕೂರಿಸಿ ನೋಡಿದರೆ ಗಡಗಡ ಅಲುಗಾಡುತ್ತಿದೆ.

ಮಾರನೆಯ ದಿನವೇ ಯುಗಾದಿ. ಸ್ಲೈಡನ್ನೂ ನನ್ನ ಪಿನ್ನುಗಳನ್ನೂ ಚೀಲಕ್ಕೆ ಹಾಕಿಕೊಂಡು ಸಿರುಗುಪ್ಪ ಬಸ್ಸು ಹತ್ತಿದೆ. ತಪ್ಪು ನಿನ್ನದೇ ಎಂದೆ. ಅವನು ನನ್ನೆದುರೇ ಅಳೆದು ತೋರಿಸಿದ. ನಾನು ಹೇಳಿದ ಅಂಕಿಯೇ ಬಂತು, ಒಂದು ಗೆರೆಯೂ ಆಚೀಚೆ ಇಲ್ಲ. ನಾನು ಅಳೆದೆ, ಬೇರೆಯೇ ಬಂತು. ದನಿ ಏರಿತು. ಆಣೆ ಪ್ರಮಾಣದವರೆಗೂ ಹೋದೆವು. ಕೊನೆಗೆ ಇಬ್ಬರೂ ಪಿನ್ನುಗಳನ್ನು ಮೇಜಿನ ಮೇಲೆ ಕುಕ್ಕಿದೆವು. ನನ್ನವು ಪೆನ್ಸಿಲ್ಲಿನಷ್ಟು ದಪ್ಪ. ಅವನವು ಹೆಬ್ಬೆರಳಿನಷ್ಟು.

ನಾನು ಅಂತರ ಹೇಳಿದ್ದೆ, ಪಿನ್ನಿನ ದಪ್ಪ ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ. ದಪ್ಪ ಪಿನ್ನಿಗೆ ಅದೇ ಅಂತರ ಹಿಡಿದರೆ ಸ್ಲಾಟು ಅಗಲವಾಗುತ್ತದೆ. ಇಬ್ಬರೂ ಎಷ್ಟೊಂದು ನಿಖರವಾಗಿ ತಪ್ಪಿದ್ದೆವು.

"ಸಂದಿಗೆ ಒಂದು ಸ್ಟೀಲ್ ಪಟ್ಟಿ ತುರುಕು. ಯಾರಿಗೂ ಹೇಳಬ್ಯಾಡ" ಎಂದ ಭಾಯ್, ಚಹಾ ತರಿಸುತ್ತ.

ನಾಲ್ಕು: ಯುಗಾದಿ

ಬೆಳಗಾಗುತ್ತಲೇ ಪಟ್ಟಿ ತುರುಕಿದೆ. ಲೇತ್ ತಿರುಗಿತು, ಸ್ಲೈಡು ಬೆಣ್ಣೆಯಂತೆ ಸರಿಯಿತು. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರೇ ಬಂತು. ಹೆಂಡತಿ ಬೇವು ಬೆಲ್ಲ ಕೊಟ್ಟು, ಗೆದ್ದಿರಿ ಎಂದು ಒಪ್ಪಿಕೊಂಡು ಒಳಗೆ ಹೋದಳು. ತುಸು ಹೊತ್ತಿಗೆ ವಾಪಸ್ ಬಂದು, ಬಟ್ಟೆಗೆ ಗುರುತು ಹಾಕುವ ತನ್ನ ಸ್ಟೀಲ್ ಸ್ಕೇಲು ಕಂಡಿರಾ ಎಂದು ಕೇಳಿದಳು.

ನಾನು ಲೇತ್ ಕಡೆ ಬೆರಳು ತೋರಿಸಿದೆ. ಅವಳು ಬಗ್ಗಿ ನೋಡಿದಳು. ಸ್ಲೈಡಿನ ಸಂದಿಯಿಂದ ಸೆಂಟಿಮೀಟರಿನ ಅಂಕಿಗಳು ಇಣುಕುತ್ತಿದ್ದವು.

ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಒಳಗಿಂದ ಹೊಲಿಗೆ ಮಷೀನನ್ನು ದರದರ ಎಳೆದು ತಂದು ಲೇತ್ ಪಕ್ಕಕ್ಕೇ ನಿಲ್ಲಿಸಿದಳು.

"ಸ್ಕೇಲು ಇಲ್ಲೇ ಐತಿ ಅಂದಮ್ಯಾಲ, ನಾನೂ ಇಲ್ಲೇ ಇರ್ತೀನಿ. ನೀವು ಸ್ವಲ್ಪ ಆಕಡಿ ಸರೀರಿ."