ನನಗೆ ನಾನೇ ಬರೆದ ನೋಟೀಸು

ಇದು ಹೀಗೆಯೇ ನಡೆಯಿತೆಂದು ಆಣೆ ಮಾಡಿ ಹೇಳಲಾರೆ. ಧಾರವಾಡದಲ್ಲಿ ತತ್ವಶಾಸ್ತ್ರ ಓದಿ ಎಲ್ಲವನ್ನೂ ಸಂಶಯಿಸಲು ಕಲಿತವನಿಗೆ ಈಗ ಸಂಶಯಿಸಲು ಉಳಿದಿರುವುದು ತನ್ನ ನೆನಪೊಂದೇ. ಆದರೂ ಒಂದು ಮಾತು ಖಂಡಿತ: ಎಪ್ಪತ್ತರ ದಶಕದಲ್ಲಿ ದೇವಿಕೊಪ್ಪದ ಶಾಲೆಯಲ್ಲಿ ಮಾಸ್ತರನಾಗಿದ್ದಾಗ, ಮಾಲೀಕರು ಬಿಡು ಎಂದ ದಿನಕ್ಕೆ ನಾನು ಮನೆ ಬಿಡಲಿಲ್ಲ. ಅದಕ್ಕಾಗಿ ಇಂದಿಗೂ ನನಗೆ ಎಳ್ಳಷ್ಟೂ ನಾಚಿಕೆಯಿಲ್ಲ.

ಮನೆಯೆಂದರೆ ಚನಬಸಪ್ಪ ಕಾಕಾ ಅವರ ಮನೆಯ ಬಾಜುವಿನ ಎರಡು ಕೋಣೆ. ಬಾಡಿಗೆಗೆ ಹಿಡಿದಾಗ ಕರಾರುಪತ್ರ ಬರೆಯೋಣವೇ ಎಂದು ಕೇಳಿದ್ದೆ. ಪರಕೀಯರ ಹಾಗೆ ಯಾಕೆ ಮಾತಾಡುತ್ತೀರೆಂದು ಕಾಕಾ ಮುಖ ಸಣ್ಣದು ಮಾಡಿದ್ದರು. ಅಥವಾ ಕೇಳಿದವರು ಅವರು, ಮುಖ ಸಣ್ಣದು ಮಾಡಿದವನು ನಾನು. ಅಂತೂ ಕಾಗದವಾಗಲಿಲ್ಲ.

ಮೂರನೆಯ ವರ್ಷ ಕಾಕಾನ ಮಗನಿಗೆ ಹಿಟ್ಟಿನ ಗಿರಣಿ ಹಾಕುವ ಹುಕಿ ಬಂತು. ರಸ್ತೆಗೆ ಹತ್ತಿರವಿದ್ದದ್ದು ನಮ್ಮ ಕೋಣೆಗಳೇ. ಎಂಟು ದಿನದಲ್ಲಿ ಖಾಲಿ ಮಾಡಿ ಎಂದರು ಕಾಕಾ. ನನ್ನ ಹೆಂಡತಿಗೆ ಆಗ ಎಂಟು ತಿಂಗಳು. ತವರಿನಲ್ಲಿ ತಾಯಿ ಇಲ್ಲದ್ದರಿಂದ ಬಾಣಂತನ ಇದೇ ಮನೆಯಲ್ಲೆಂದು ನಿಶ್ಚಯವಾಗಿತ್ತು. ಊರಲ್ಲಿ ಬೇರೆ ಖಾಲಿ ಮನೆಯೂ ಇರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಕಾಗದವಿಲ್ಲದಿದ್ದರೂ ಬಾಡಿಗೆದಾರನಿಗೆ ಹಕ್ಕಿದೆ, ಹದಿನೈದು ದಿನ ಮೊದಲು ಬರವಣಿಗೆಯಲ್ಲಿ ನೋಟೀಸು ಕೊಡದೆ ಯಾರೂ ಎಬ್ಬಿಸುವಂತಿಲ್ಲ ಎಂದು ಗುಡುಗಿದೆ. ಕಾಯ್ದೆ ಪುಸ್ತಕದ ರಟ್ಟನ್ನೂ ಮುಟ್ಟಿದವನಲ್ಲ ನಾನು. ಹದಿನೈದು ಎಂಬ ಅಂಕಿ ಎಲ್ಲಿಂದ ಬಾಯಿಗೆ ಬಂತೋ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಕಾಕಾ ಒಂದು ಹಾಳೆ ಹಿಡಿದು ಬಂದು ಕಟ್ಟೆಯ ಮೇಲೆ ಕೂತರು. ಅವರಿಗೆ ಅಕ್ಷರ ಬಾರದು.

"ಮಾಸ್ತರ್ರ, ಆ ನೋಟೀಸು ನೀವ ಬರದ ಕೊಡ್ರಿ. ಈ ಊರಾಗ ಅರ್ಜಿ ಚಲೋ ಬರಿಯೋರು ಇನ್ಯಾರ ಅದಾರ್ರಿ?"

ಬಾವಿ ತೋಡಿಸುವ ಅರ್ಜಿಯಿಂದ ಹಿಡಿದು ಬೀಗರಿಗೆ ಕಳಿಸುವ ತಕರಾರಿನ ತನಕ ಆ ಊರಿನ ಕಾಗದವೆಲ್ಲ ನನ್ನ ಕೈಯದೇ. ಆಗುವುದಿಲ್ಲ ಎನ್ನಬೇಕಿತ್ತು. ಆದರೆ ಹೊಗಳಿದವರಿಗೆ ಇಲ್ಲವೆನ್ನುವ ಅಭ್ಯಾಸ ನನಗಿಲ್ಲ. 'ಸದರಿ', 'ಮೇಲೆ ಕಾಣಿಸಿದ' ಎಲ್ಲವನ್ನೂ ಹಾಕಿ, ನನ್ನನ್ನು ಹೊರಹಾಕುವ ನೋಟೀಸನ್ನು ನಾನೇ ಸೊಗಸಾಗಿ ಬರೆದೆ. ಹಾಳೆಯನ್ನು ಹೆಂಡತಿಯ ಕೈಗೆ ಕೊಟ್ಟು, ಹೆಬ್ಬೆಟ್ಟಿಗೆ ಮಸಿ ತರಲು ಶಾಲೆಗೆ ಹೋಗಿಬಂದೆ. ಕಾಕಾ ಬೆರಳಿಗೆ ಮಸಿ ಹಚ್ಚಿಕೊಳ್ಳುವಾಗ ಗಟ್ಟಿಯಾಗಿ ಓದಿ ಹೇಳಿದೆ. ಕೊನೆಯ ಸಾಲು ಹೀಗಿತ್ತು: "ಇವರ ಹೆಂಡತಿ ಎಂಟು ತಿಂಗಳ ಬಸುರಿ ಎಂದು ಗೊತ್ತಿದ್ದೂ ಹೊರಗೆ ಹಾಕುತ್ತಿದ್ದೇನೆ."

ಹೆಬ್ಬೆಟ್ಟು ಗಾಳಿಯಲ್ಲೇ ನಿಂತಿತು.

"ಇದನ್ಯಾಕ ಬರದ್ರಿ? ತಗೀರಿ ಅದನ್ನ."

"ಕಾಟು ಹೊಡದ ನೋಟೀಸು ನಡಿಯೂದಿಲ್ಲರಿ ಕಾಕಾ. ಖರೇ ಇದ್ದದ್ದ ಬರದೀನಿ. ಸುಳ್ಳಿದ್ರ ಹೇಳ್ರಿ."

"ಖರೇನ ಐತಿ. ಅದಕ್ಕ ಬ್ಯಾಡ ಅನ್ನಾಕತ್ತೇನಿ. ನಾಳೆ ನಾಕ ಮಂದಿ ಓದಿದ್ರ ಮಾರಿ ಎಲ್ಲಿಟಗೊಳ್ಳಲಿ?"

ಬೆರಳನ್ನು ಧೋತರಕ್ಕೆ ಒರೆಸಿಕೊಂಡು ಎದ್ದು ಹೋದರು. ಕೂಸು ಹುಟ್ಟಿ ಆರು ತಿಂಗಳಾಗುವ ತನಕ ಗಿರಣಿಯ ಮಾತು ಅವರ ಬಾಯಿಂದ ಬರಲಿಲ್ಲ.

ಮುಂದೆ ಹುಬ್ಬಳ್ಳಿಯ ವಕೀಲರೊಬ್ಬರು, ಹದಿನೈದು ದಿನದ ಮಾತು ಖರೆ, ಕಾಟು ಹೊಡೆಯಬಾರದೆಂಬುದು ಶುದ್ಧ ಸುಳ್ಳು ಎಂದು ನಕ್ಕರು. ನಾನು ಬಗ್ಗಲಿಲ್ಲ. ಕಾಯ್ದೆ ಏನೇ ಇರಲಿ, ಎದುರಾಳಿಯ ಹೆಬ್ಬೆಟ್ಟು ತಡೆದದ್ದು ನನ್ನ ಒಂದು ಸಾಲು ಎಂದು ಎಷ್ಟೋ ವರ್ಷ ಸ್ಟಾಫ್ ರೂಮುಗಳಲ್ಲಿ ಮೆರೆದೆ. ಮೊನ್ನೆ ಟ್ರಂಕಿನ ತಳದಲ್ಲಿ ಆ ಹಾಳೆ ಸಿಕ್ಕಿತು. ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡಿದ್ದೇನೆ: ಮೇಲಿನ ಹನ್ನೊಂದು ಸಾಲು ನನ್ನ ಅಕ್ಷರ, ಕೊನೆಯದು ನನ್ನ ಹೆಂಡತಿಯದು.